ಹುಟ್ಟದ ದೋಣಿಗೆ ಕೊಟ್ಟ ಮುಂಗಡ

ಹಾಸನದಿಂದ ಶೆಟ್ಟಿಹಳ್ಳಿಗೆ ಹೋಗುವವರು ಸಾಮಾನ್ಯವಾಗಿ ನೋಡಲು ಹೋಗುವುದು ಅಲ್ಲಿಯ ಪಾಳುಬಿದ್ದ ರೋಸರಿ ಚರ್ಚನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಕಟ್ಟಡ ಅದು. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ, ಮಳೆಗಾಲದಲ್ಲಿ ಅದು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ನೆಲದ ಮೇಲೆ ನಿಲ್ಲುತ್ತದೆ. ನಾವೂ ಅದನ್ನೇ ನೋಡಲು ಹೋಗಿದ್ದೆವು. ಆದರೆ ಮನೆಗೆ ಬಂದ ಮೇಲೂ ನಮ್ಮ ಮನಸ್ಸಿನಲ್ಲಿ ಉಳಿದದ್ದು ದಡದಲ್ಲಿ ಬೋರಲು ಹಾಕಿದ್ದ ಒಂದು ಹಳೆಯ ತೆಪ್ಪ ಮತ್ತು ಅದರ ಒಡೆಯನ ನಾಲ್ಕು ಮಾತು.

ಆತ ಹಿನ್ನೀರಿನಲ್ಲಿ ಮೀನು ಹಿಡಿಯುವವನು. ಎಷ್ಟು ಸಲ ಟಾರು ಬಳಿದರೂ ತೆಪ್ಪದ ತಳದಲ್ಲಿ ನೀರು ಜಿನುಗುತ್ತಿತ್ತು. ಹೊಸದೊಂದನ್ನು ಮಾಡಿಸಲು ಮುಂಗಡ ಕೊಟ್ಟು ಎರಡು ಮಳೆಗಾಲ ಕಳೆದಿದ್ದವು. “ಮೋಸ ಮಾಡಿದನೇ?” ಎಂದು ಕೇಳಿದೆವು.

“ಮೋಸ ಅನ್ನಕ್ಕಾಗಲ್ಲ ಸಾಬ್ರೇ. ನನ್ನ ದುಡ್ಡಲ್ಲಿ ನನಗಿಂತ ಮುಂಚೆ ಕೊಟ್ಟಿದ್ದೋನ ತೆಪ್ಪ ಮುಗಿಸ್ದ. ಇನ್ನೊಬ್ಬ ಬಂದು ಮುಂಗಡ ಕೊಟ್ರೆ ನಂದು ಮುಗಿಸ್ತಾನಂತೆ. ಆ ಇನ್ನೊಬ್ಬ ಬರಲೇ ಇಲ್ಲ.”

ಚೀಟಿ ಬರೆಸಿಕೊಂಡಿರಲಿಲ್ಲವೇ ಎಂದಾಗ ಅವನು ನಕ್ಕುಬಿಟ್ಟ. “ಗೊತ್ತಿರೋನ ಹತ್ರ ಚೀಟಿ ಕೇಳೋದು ಹೆಂಗೆ?”

ಈ ಉತ್ತರಗಳಲ್ಲಿ ಎರಡು ಪ್ರಶ್ನೆಗಳಿವೆ. ಒಬ್ಬನ ಮುಂಗಡದಿಂದ ಇನ್ನೊಬ್ಬನ ಕೆಲಸ ಮುಗಿಸುವುದು ತಪ್ಪೇ? ನಂಬಿದವನ ಬಳಿ ಬರಹ ಕೇಳುವುದು ನಂಬಿಕೆಗೆ ಅವಮಾನವೇ?

ಕೊಡುವ ಕೈ ಮೇಲು, ಬೇಡುವ ಕೈ ಕೆಳಗು ಎನ್ನುತ್ತೇವೆ. ಇನ್ನೂ ತಯಾರಾಗದ ವಸ್ತುವಿನ ವ್ಯಾಪಾರದಲ್ಲಿ ಇದು ತಲೆಕೆಳಗಾಗುತ್ತದೆ. ದುಡ್ಡು ಜೇಬಿನಲ್ಲಿರುವ ತನಕ ಕೊಳ್ಳುವವನ ಕೈ ಮೇಲೆ. ಕೊಟ್ಟ ಮರುಕ್ಷಣವೇ ಅವನು ದಿನಾ ಬಂದು ಬಾಗಿಲು ತಟ್ಟುವವನಾಗುತ್ತಾನೆ. ಅಂಗಡಿಯಲ್ಲಿ ಅಕ್ಕಿ ಕೊಂಡರೆ ಚೀಲ ಕೈಗೆ ಬರುತ್ತದೆ. ದೋಣಿ ಮಾಡಿಸುವವನ ಕೈಗೆ ಬರುವುದು ಬರೀ ಒಂದು ಮಾತು.

ಹಾಗೆಂದು ಮುಂಗಡವೇ ಬೇಡ ಎನ್ನುವುದು ನ್ಯಾಯವಲ್ಲ. ತೆಪ್ಪ ಹೆಣೆಯುವವನು ಬಿದಿರು ತರಬೇಕು. ಕರಾವಳಿಯಲ್ಲಿ ಬೋಟು ಕಟ್ಟುವವನು ಮರ ಅಥವಾ ಉಕ್ಕು ತರಬೇಕು, ಬಡಗಿಗಳಿಗೆ ವಾರದ ಕೂಲಿ ಕೊಡಬೇಕು. ಒಬ್ಬನ ಅಳತೆಗೆ ಕಟ್ಟಿದ ಬೋಟನ್ನು ಅವನು ಬಿಟ್ಟು ಹೋದರೆ ಇನ್ನೊಬ್ಬ ಕೊಳ್ಳುತ್ತಾನೆಂಬ ಭರವಸೆಯೂ ಇಲ್ಲ. ಭಯ ಎರಡೂ ಕಡೆ ಇದೆ. ವ್ಯತ್ಯಾಸವಿಷ್ಟೇ: ಕಟ್ಟುವವನ ಭಯಕ್ಕೆ ಮುಂಗಡ ಎಂಬ ಮದ್ದಿದೆ, ಕೊಟ್ಟವನ ಭಯಕ್ಕೆ ಏನೂ ಇಲ್ಲ.

ದೊಡ್ಡ ಕಂಪನಿಯಾದರೆ ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಮಂಗಳೂರಿನಲ್ಲೂ ಯಾರ್ಡ್ ಹೊಂದಿದ್ದ ಭಾರತಿ ಶಿಪ್‌ಯಾರ್ಡ್, ಭಾರತಿ ಡಿಫೆನ್ಸ್ ಎಂದು ಹೆಸರು ಬದಲಿಸಿಕೊಂಡ ಮೇಲೆ, ಸಾಲದಲ್ಲಿ ಮುಳುಗಿ 2019ರಲ್ಲಿ ಸಮಾಪನೆಗೆ ಹೋಯಿತು. ಮಲ್ಪೆಯಲ್ಲಿದ್ದ ಟೆಬ್ಮಾ ಶಿಪ್‌ಯಾರ್ಡ್ ಕೂಡ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಸರಕಾರಿ ಒಡೆತನದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು 2020ರಲ್ಲಿ ಕೊಂಡಿತು. 2022ರಲ್ಲಿ ಅದಕ್ಕೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರು ಬಂತು. ಹಡಗು ಕಟ್ಟುವವರೂ ಮುಳುಗುತ್ತಾರೆ.

ಹಾಗಾದಾಗ ಅರ್ಧ ಕಟ್ಟಿದ ದೋಣಿ ಯಾರದ್ದು? ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಇನ್ನೂ ತಯಾರಾಗಬೇಕಾದ ವಸ್ತುವಿನ ಬಗ್ಗೆ ಆಗುವುದು ಮಾರಾಟವಲ್ಲ, ಮಾರುವ ಒಪ್ಪಂದ ಮಾತ್ರ. ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ದೋಣಿ ಸಿದ್ಧವಾಗಿ ಇದು ನಿಮ್ಮದು ಎಂದು ಗೊತ್ತಾಗುವ ತನಕ ಅದು ಕಟ್ಟುವವನದ್ದೇ. ಅವನು ದಿವಾಳಿಯಾದರೆ ಕೊಳ್ಳುವವನು ಸಾಲಗಾರರ ಸಾಲಿನ ಹಿಂದೆ ನಿಲ್ಲಬೇಕು.

ಈ ಸಮಸ್ಯೆ ಇಂದಿನದಲ್ಲ. ಪ್ರವಾದಿ ಮುಹಮ್ಮದ್(ಸ) ಮದೀನಕ್ಕೆ ಬಂದಾಗ ಅಲ್ಲಿಯ ಜನ ಒಂದೆರಡು ವರ್ಷ ಮುಂದಿನ ಖರ್ಜೂರದ ಫಸಲಿಗೆ ಈಗಲೇ ಹಣ ಕೊಡುತ್ತಿದ್ದರು. ಪ್ರವಾದಿಯವರು ಅದನ್ನು ನಿಷೇಧಿಸಲಿಲ್ಲ. ಅಳತೆ, ತೂಕ, ಅವಧಿ ಮೂರೂ ಮೊದಲೇ ಗೊತ್ತಾಗಿರಬೇಕು ಎಂದು ಕಟ್ಟುಪಾಡು ಹಾಕಿದರು. ಇದಕ್ಕೆ ‘ಸಲಮ್’ ಎಂದು ಹೆಸರು. ಹೇಳಿ ಮಾಡಿಸುವ ವಸ್ತುವಿನ ಕರಾರಿಗೆ ‘ಇಸ್ತಿಸ್ನಾ’ ಎನ್ನುತ್ತಾರೆ. ಉಸ್ಮಾನಿ ಸಾಮ್ರಾಜ್ಯ 1869ರಿಂದ 1876ರ ನಡುವೆ ಹನಫಿ ನ್ಯಾಯಶಾಸ್ತ್ರವನ್ನು ಆಧರಿಸಿ ರೂಪಿಸಿದ ‘ಮಜಲ್ಲಾ’ ಎಂಬ ಕಾನೂನು ಸಂಹಿತೆಯಲ್ಲಿ ಇಸ್ತಿಸ್ನಾವನ್ನು ವಿವರಿಸಲು ಕೊಟ್ಟ ಉದಾಹರಣೆಗಳಲ್ಲಿ ದೋಣಿಯೂ ಒಂದು. ಉದ್ದ, ಅಗಲ, ಬೇಕಾದ ಗುಣಗಳನ್ನು ಹೇಳಿ ಕಟ್ಟುವವನು ಒಪ್ಪಿದರೆ ಕರಾರು ಆದಂತೆ. ಇಮಾಮ್ ಅಬೂ ಹನೀಫಾ ಇಂಥ ಕರಾರಿನಿಂದ ಹಿಂದೆ ಸರಿಯಲು ಅವಕಾಶವಿದೆ ಎಂದಿದ್ದರು. ಮಜಲ್ಲಾ ಅವರ ಶಿಷ್ಯ ಅಬೂ ಯೂಸುಫರ ಅಭಿಪ್ರಾಯದ ಕಡೆ ವಾಲಿತು: ಒಪ್ಪಿದ ಮೇಲೆ ಇಬ್ಬರೂ ಹಿಂದೆ ಸರಿಯುವಂತಿಲ್ಲ, ಹೇಳಿದಂತೆ ಇರದಿದ್ದರೆ ಮಾತ್ರ ಕೊಳ್ಳುವವನು ಬೇಡವೆನ್ನಬಹುದು. ಇಸ್ತಿಸ್ನಾದಲ್ಲಿ ಪೂರ್ತಿ ಬೆಲೆಯನ್ನು ಮೊದಲೇ ಕೊಡಬೇಕಾಗಿಯೂ ಇಲ್ಲ. ಕೆಲಸ ಸಾಗಿದಂತೆ ಕಂತಿನಲ್ಲಿ ಕೊಡಬಹುದು.

ಶೆಟ್ಟಿಹಳ್ಳಿಯವನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಂದ ಹುಡುಕಬಹುದು. ಮುಂಗಡ ಕೊಟ್ಟದ್ದು ಈ ದೋಣಿಗೆ. ಕಾಗದದ ಮೇಲೆ ಅದು ಕಟ್ಟುವವನ ಹಣವಾಗಿರಬಹುದು. ನಮ್ಮ ದೃಷ್ಟಿಯಲ್ಲಿ, ಅದಕ್ಕೆ ತಕ್ಕ ಕೆಲಸ ಆಗುವ ತನಕ ಅದು ಅವನ ಕೈಯಲ್ಲಿರುವ ಅಮಾನತು. ಅದರಿಂದ ಬೇರೆಯವನ ತೆಪ್ಪ ಮುಗಿಸಿದವನು ಕಳ್ಳನಲ್ಲ ನಿಜ, ಒಂದು ಪೈಸೆಯನ್ನೂ ಮನೆಗೆ ಒಯ್ದಿರಲಿಕ್ಕಿಲ್ಲ. ಆದರೆ ಅವನು ತನ್ನ ಸಂಕಷ್ಟವನ್ನು ಒಬ್ಬ ಗಿರಾಕಿಯಿಂದ ಇನ್ನೊಬ್ಬನ ತಲೆಗೆ ದಾಟಿಸುತ್ತಾ ಹೋದ. ಕೊನೆಗೆ ಬಂದವನ ತಲೆಯ ಮೇಲೆ ಎಲ್ಲರ ಭಾರವೂ ಬಿತ್ತು. ಕೆಟ್ಟ ಉದ್ದೇಶ ಇಲ್ಲದೆಯೂ ಅನ್ಯಾಯ ಆಗಬಹುದು.

ನಗರಗಳಲ್ಲಿ ಮನೆ ಕಟ್ಟಿಸುವವರು ಇದೇ ಕಷ್ಟ ಉಂಡ ಮೇಲೆ 2016ರಲ್ಲಿ ರೇರಾ ಕಾಯ್ದೆ ಬಂತು. ಅದರ ಪ್ರಕಾರ ಬಿಲ್ಡರ್ ಗಿರಾಕಿಗಳಿಂದ ಪಡೆದ ಹಣದಲ್ಲಿ ಶೇಕಡಾ 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಎಂಜಿನಿಯರ್, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಪ್ರಮಾಣೀಕರಿಸಿದಷ್ಟು ಕೆಲಸಕ್ಕೆ ತಕ್ಕಂತೆ ಮಾತ್ರ ತೆಗೆಯಬೇಕು. ಬರಹದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ರೇರಾ ಇರುವುದು ಮನೆ, ನಿವೇಶನಗಳಿಗೆ. ದೋಣಿಗೆ ಅದರ ರಕ್ಷಣೆಯಿಲ್ಲ.

ಕಾಯ್ದೆ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ದೊಡ್ಡ ಹಡಗುಗಳ ಲೋಕದಲ್ಲಿ ಹಣವನ್ನು ಕಂತುಗಳಾಗಿ ಹಂಚುತ್ತಾರೆ: ಸಹಿಗೆ ಒಂದು, ಉಕ್ಕು ಕತ್ತರಿಸಿದಾಗ ಒಂದು, ತಳದ ಬೆನ್ನು ಇಟ್ಟಾಗ ಒಂದು, ನೀರಿಗೆ ಇಳಿಸಿದಾಗ ಒಂದು, ಒಪ್ಪಿಸಿದಾಗ ಒಂದು. ದೋಣಿ ಬಾರದಿದ್ದರೆ ಕೊಟ್ಟ ಕಂತನ್ನು ಮರಳಿಸುತ್ತೇವೆಂದು ಕಟ್ಟುವವನ ಬ್ಯಾಂಕು ಖಾತರಿ ಬರೆದುಕೊಡುತ್ತದೆ. ಸಣ್ಣ ಬೋಟಿಗೆ ಬ್ಯಾಂಕಿನ ಖಾತರಿ ಸಿಗಲಿಕ್ಕಿಲ್ಲ, ಆದರೆ ಕಂತು ಸಾಧ್ಯ. ಹಣ ತೆತ್ತಷ್ಟು ಭಾಗ, ಅದಕ್ಕೆಂದು ತಂದ ಮರ ಕೊಳ್ಳುವವನದ್ದು ಎಂದು ಕರಾರಿನಲ್ಲಿ ಬರೆಸಬಹುದು. ಎಂಜಿನ್ನನ್ನು ಸ್ವಂತ ಹೆಸರಿನ ಬಿಲ್ಲಿನಲ್ಲಿ ಕೊಳ್ಳಬಹುದು. ಕೊನೆಯ ಕಂತನ್ನು ನೀರಿನಲ್ಲಿ ಓಡಿಸಿ ನೋಡುವ ತನಕ ಹಿಡಿದಿಟ್ಟುಕೊಳ್ಳಬಹುದು. ತನ್ನ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ದೋಣಿ ಮಾಡಿಸಿದವನನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಗ್ರಾಹಕನೆಂದೇ ಎಣಿಸುತ್ತದೆ. ಕೊಟ್ಟ ಹಣ ಐದು ಲಕ್ಷ ರೂಪಾಯಿಯ ಒಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಆದರೆ ಅಲ್ಲಿಯೂ ಮೊದಲು ಕೇಳುವುದು ಚೀಟಿಯನ್ನೇ.

ಗೊತ್ತಿರುವವನ ಬಳಿ ಚೀಟಿ ಕೇಳುವುದು ಹೇಗೆ? ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಕುರಿತಾದದ್ದು ಎಂದು ಕೇಳಿದರೆ ಅನೇಕರು ಆರಾಧನೆಯ ಕುರಿತು ಇರಬೇಕು ಎಂದುಕೊಳ್ಳುತ್ತಾರೆ. ಅದು ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾದದ್ದು. ವ್ಯವಹಾರ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು ಎಂದು ಅದು ವಿಶ್ವಾಸಿಗಳಿಗೇ, ಅಂದರೆ ಒಬ್ಬರನ್ನೊಬ್ಬರು ನಂಬಿದವರಿಗೇ ಹೇಳುತ್ತದೆ. ಅದೇ ಕುರ್‌ಆನಿನಲ್ಲಿ ಬಡವರ ಒಂದು ದೋಣಿಯ ಪ್ರಸಂಗವಿದೆ. ಪ್ರವಾದಿ ಮೂಸಾರ ಜೊತೆ ಪಯಣಿಸಿದ ಜ್ಞಾನಿ, ಖಿಳ್‌ರ್ ಎಂದು ನಾವು ಬಲ್ಲವರು, ಅದಕ್ಕೆ ಒಂದು ಊನ ಮಾಡುತ್ತಾರೆ. ಮೂಸಾರಿಗೆ ಸಿಟ್ಟು ಬರುತ್ತದೆ. ದೋಣಿಗಳನ್ನು ಕಿತ್ತುಕೊಳ್ಳುವ ರಾಜನೊಬ್ಬ ಬರುತ್ತಿದ್ದ, ಆ ಊನದಿಂದಲೇ ದೋಣಿ ಉಳಿಯಿತು ಎಂಬುದು ಆಮೇಲೆ ತಿಳಿಯುತ್ತದೆ. ಸ್ನೇಹದ ನಡುವೆ ಚೀಟಿ ಕೇಳುವುದೂ ಅಂಥದ್ದೇ ಊನದಂತೆ ಕಾಣಬಹುದು. ಅದು ಕೊಟ್ಟವನನ್ನು ಕಾಯುತ್ತದೆ, ಪಡೆದವನನ್ನು ಕೈಗೆ ಸಿಕ್ಕ ಹಣ ಮುಟ್ಟುವ ಆಸೆಯಿಂದ ಕಾಯುತ್ತದೆ.

ಹೊರಡುವಾಗ ಆ ಮೀನುಗಾರನಿಗೆ ಇದನ್ನೆಲ್ಲ ಹೇಳುವ ಪಾಂಡಿತ್ಯ ತೋರಿಸಲಿಲ್ಲ. ಇನ್ನು ಮುಂದೆ ಏನು ಮಾಡುತ್ತೀ ಎಂದಷ್ಟೇ ಕೇಳಿದೆವು. “ಬಿದಿರು, ಟಾರು ನಾನೇ ತಂದು ಹಾಕ್ತೀನಿ ಸಾಬ್ರೇ. ಅವನಿಗೆ ಕೂಲಿ ಮಾತ್ರ, ಅದೂ ಎದುರಿಗೆ ಕೂತು ಮಾಡಿಸ್ಕಂಡು” ಎಂದ. ಗಿರಾಕಿಯೇ ಸಾಮಗ್ರಿ ತಂದುಕೊಟ್ಟರೆ ಅದು ಇಸ್ತಿಸ್ನಾ ಅಲ್ಲ, ಬರೀ ದುಡಿಮೆಯ ಕರಾರು. ಸಾಮಗ್ರಿ ಕೊನೆಯ ತನಕ ಗಿರಾಕಿಯದ್ದೇ ಎಂದು ಫಿಕ್ಹ್ ಗ್ರಂಥಗಳಲ್ಲಿ ಬರೆದಿದೆ. ಅವನು ಆ ಗ್ರಂಥಗಳನ್ನು ಓದಿರಲಿಲ್ಲ. ಎರಡು ಮಳೆಗಾಲ ಸೋರುವ ತೆಪ್ಪದಲ್ಲಿ ಕೂತು ಕಲಿತಿದ್ದ.