ಹಲವು ಕೈಗಳ ನಡುವೆ ಹೊಣೆ

ಅನೇಕರು ಕೂಡಿ ಮಾಡಿದ ಕೆಲಸದಿಂದ ಕೇಡಾದಾಗ ಪ್ರತಿಯೊಬ್ಬರ ಪಾಲೂ ಅಲ್ಪವೆಂದು ತೋರಿ, ಕೊನೆಗೆ ಯಾರನ್ನೂ ಹೊಣೆಗಾರರೆನ್ನಲಾಗದ ಸ್ಥಿತಿ ಉಂಟಾಗುವುದನ್ನು ನೀತಿಶಾಸ್ತ್ರದಲ್ಲಿ 'ಹಲವು ಕೈಗಳ ಸಮಸ್ಯೆ' ಎನ್ನುತ್ತಾರೆ. ಅಮೆರಿಕದ ರಾಜಕೀಯ ಚಿಂತಕ ಡೆನಿಸ್ ಥಾಂಪ್ಸನ್ ಸರ್ಕಾರಿ ಅಧಿಕಾರಿಗಳನ್ನು ಕುರಿತು 1980ರಲ್ಲಿ ವಿವೇಚಿಸಿದ ಈ ಪರಿಕಲ್ಪನೆ, ಪಕ್ವವಾಗದ ತಂತ್ರಜ್ಞಾನವನ್ನು ಜನರ ಕೈಗಿಡುವ ಕಂಪನಿಗಳಿಗೂ ಅನ್ವಯಿಸುತ್ತದೆ.

2012ರ ಸೆಪ್ಟೆಂಬರ್ 19ರಂದು ಆಪಲ್ ಸಂಸ್ಥೆ ಐಫೋನಿನಲ್ಲಿದ್ದ ಗೂಗಲ್ ನಕ್ಷೆಯನ್ನು ತೆಗೆದು ತನ್ನದೇ ನಕ್ಷೆಯನ್ನು ಅಳವಡಿಸಿತು. ಆಸ್ಟ್ರೇಲಿಯಾದ ಮಿಲ್ಡೂರಾ ನಗರವನ್ನು ಈ ನಕ್ಷೆ ಸುಮಾರು 70 ಕಿಲೋಮೀಟರ್ ಆಚೆಯ ರಾಷ್ಟ್ರೀಯ ಉದ್ಯಾನದೊಳಗೆ ತೋರಿಸುತ್ತಿದ್ದುದರಿಂದ, ನೀರಿಲ್ಲದ, ಬಿಸಿಲು 46 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲ ಆ ಬಯಲಿನಲ್ಲಿ ವಾಹನ ಸವಾರರು ಸಿಲುಕಿಕೊಂಡರು. ಪ್ರಾಣಾಪಾಯವಿದೆಯೆಂದು ವಿಕ್ಟೋರಿಯಾ ರಾಜ್ಯದ ಪೊಲೀಸರು ಡಿಸೆಂಬರ್‌ನಲ್ಲಿ ಎಚ್ಚರಿಸಬೇಕಾಯಿತು. ಅಲ್ಲಿನ ಅಧಿಕೃತ ಸ್ಥಳನಾಮ ಸೂಚಿಯಲ್ಲಿಯೇ ಮಿಲ್ಡೂರಾ ಎಂಬ ಹೆಸರು ಎರಡು ಕಡೆ ದಾಖಲಾಗಿತ್ತೆಂದು ಆಮೇಲೆ ವರದಿಯಾಯಿತು. ಸೂಚಿ ಬರೆದವರು, ಅದನ್ನು ಒದಗಿಸಿದವರು, ಬಳಸಿದವರು, ಪರೀಕ್ಷಿಸಿದವರು ಎಂದು ಹೊಣೆ ಕೈಯಿಂದ ಕೈಗೆ ಜಾರುತ್ತ ಹೋಗುವ ಬಗೆ ಇದು.

ಎಲ್ಲರೂ ಸಮಾನ ಹೊಣೆಗಾರರೆಂದರೆ ತಪ್ಪು ಮಾಡಿದವನಿಗೂ ಅದನ್ನು ಎತ್ತಿ ತೋರಿಸಿದವನಿಗೂ ಭೇದ ಉಳಿಯುವುದಿಲ್ಲ. ಎಲ್ಲಕ್ಕೂ ಮೇಲಿನವನೇ ಹೊಣೆಯೆಂದರೆ ಅದು ಬರಿಯ ಶಿಷ್ಟಾಚಾರವಾಗಿಬಿಡಬಹುದು. ಈ ಎರಡನ್ನೂ ಸಾಲದೆಂದ ಥಾಂಪ್ಸನ್, ವ್ಯಕ್ತಿಯ ಕ್ರಿಯೆಯು ಫಲಕ್ಕೆ ಕಾರಣವಾಯಿತೇ, ಆ ಕ್ರಿಯೆಯನ್ನು ಅವನು ಅಜ್ಞಾನ ಅಥವಾ ಒತ್ತಾಯಗಳಿಲ್ಲದೆ ಮಾಡಿದನೇ ಎಂಬ ಎರಡು ಒರೆಗಲ್ಲುಗಳನ್ನು ಇಡುತ್ತಾರೆ. ಈ ದೃಷ್ಟಿಯಿಂದ ನೋಡಿದರೆ, ನಕ್ಷೆಯ ದೋಷಗಳು ಹಲವು ಕೈಗಳಲ್ಲಿ ಹುಟ್ಟಿದರೂ, ಅದನ್ನು ಇಂಥ ದಿನವೇ ಬಿಡುಗಡೆ ಮಾಡಬೇಕೆಂಬ ನಿರ್ಧಾರ ಹಾಗೆ ಹುಟ್ಟಿದ್ದಲ್ಲ; ಅದನ್ನು ತಡೆಯುವ ಅಧಿಕಾರವಿದ್ದವರು ಕೆಲವರೇ. ತನಗೆ ತಿಳಿದಿರಲಿಲ್ಲವೆಂಬ ಮಾತೂ ಅಂಥವರ ಬಾಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಕೇಳಿ ತಿಳಿದುಕೊಳ್ಳುವುದೇ ಅವರ ಹುದ್ದೆಯ ಕರ್ತವ್ಯ, ಮತ್ತು ಕೆಟ್ಟ ಸುದ್ದಿ ಕೆಳಗಿನಿಂದ ಮೇಲೇರದಂಥ ವ್ಯವಸ್ಥೆಯನ್ನು ಕಟ್ಟಿದವರೂ ಬಹುಮಟ್ಟಿಗೆ ಅವರೇ.

ಆಪಲ್‌ನ ಆಗಿನ ಮುಖ್ಯ ಕಾರ್ಯನಿರ್ವಾಹಕ ಟಿಮ್ ಕುಕ್ 2012ರ ಸೆಪ್ಟೆಂಬರ್ 28ರಂದು ಬಹಿರಂಗ ಪತ್ರದಲ್ಲಿ ಕ್ಷಮೆ ಕೋರಿ, ಪ್ರತಿಸ್ಪರ್ಧಿಗಳ ನಕ್ಷೆಗಳನ್ನು ಬಳಸುವಂತೆಯೂ ಗ್ರಾಹಕರಿಗೆ ಸೂಚಿಸಿದರು. ಇದು ಗೌರವಾರ್ಹವಾದ ನಡೆ. ಅಕ್ಟೋಬರ್ 29ರಂದು, ನಕ್ಷೆಯೂ ಸೇರಿದಂತೆ ಐಫೋನ್ ತಂತ್ರಾಂಶದ ಮುಖ್ಯಸ್ಥರಾಗಿದ್ದ ಸ್ಕಾಟ್ ಫೋರ್‌ಸ್ಟಾಲ್ ಸಂಸ್ಥೆಯನ್ನು ತೊರೆಯಲಿದ್ದಾರೆಂದು ಪ್ರಕಟಿಸಲಾಯಿತು. ಆದರೆ ದೋಷಗಳು ಬಿಡುಗಡೆಗೆ ಮೊದಲು ಯಾರಿಗೆ ತಿಳಿದಿದ್ದವು, ತಡಮಾಡೋಣವೆಂದು ಯಾರಾದರೂ ಹೇಳಿದ್ದರೇ, ಬೇಡವೆಂದವರು ಯಾರು ಎಂಬುದನ್ನು ಕುಕ್ ಅವರ ಪತ್ರ ತಿಳಿಸಲಿಲ್ಲ. ಅದು ತಿಳಿಯದ ಹೊರತು, ಫೋರ್‌ಸ್ಟಾಲ್ ನಿರ್ಗಮನವನ್ನು ಹೊಣೆ ಹೊತ್ತದ್ದೆನ್ನಬೇಕೇ, ಹೊಣೆ ಹೊರಿಸಿದ್ದೆನ್ನಬೇಕೇ ಎಂದು ಹೊರಗಿನವರು ತೀರ್ಮಾನಿಸುವಂತಿಲ್ಲ.