ದೊಡ್ಡಮ್ಮನಿಗೊಂದು ಉಡುಗೊರೆ

ನಮ್ಮ ದೊಡ್ಡಮ್ಮನ ಬೀರುವಿನ ಕೆಳಗಿನ ಖಾನೆಯಲ್ಲಿ ಏಳು ಶಾಲುಗಳಿವೆ. ಅವುಗಳಲ್ಲಿ ಎರಡು ನಾನೇ ಕೊಟ್ಟವು. ಒಂದರ ಪ್ಲಾಸ್ಟಿಕ್ ಚೀಲವನ್ನು ಕೂಡ ಅವರು ಬಿಚ್ಚಿಲ್ಲ. ಕೇಳಿದರೆ, "ಇರಲಿ ಬಿಡೇ, ಮುಂದೆ ವಯಸ್ಸಾದಾಗ ಬೇಕಾಗುತ್ತೆ" ಎನ್ನುತ್ತಾರೆ. ಅವರಿಗೀಗ ಎಂಬತ್ತು ದಾಟಿದೆ.

ತಿಪಟೂರಿನ ಅಂಚಿನಲ್ಲಿ ಅವರ ಮನೆ. ಹಿತ್ತಿಲಿಗೆ ಸೇರಿದಂತೆ ಅರ್ಧ ಎಕರೆ ತೆಂಗಿನ ತೋಟ. ಆ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವ ಕ್ರಮ ನಿಮಗೆ ಗೊತ್ತಿರಬಹುದು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟಿರುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ದೊಡ್ಡಮ್ಮ ಈಗಲೂ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದು ಆಗಿದೆ, ಇದಕ್ಕಿನ್ನೂ ಎರಡು ತಿಂಗಳು ಬೇಕು" ಎಂದು ಬೇರೆ ಬೇರೆ ರಾಶಿ ಹಾಕುತ್ತಾರೆ. ಬೆಳಿಗ್ಗೆ ಐದಕ್ಕೆದ್ದು ಹೂ ಬಿಡಿಸುತ್ತಾರೆ. ಮಂಡಿಯಲ್ಲಿ ಕೊಬ್ಬರಿ ಧಾರಣೆ ಎಷ್ಟು ಎಂದು ನಮ್ಮ ಅಣ್ಣನಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಇಂಥವರಿಗೆ ಏನು ಕೊಡಬೇಕು?

2022ರಲ್ಲಿ ಅವರಿಗೆ ಸಾವಿರ ಹುಣ್ಣಿಮೆ ತುಂಬಿತು. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನದ ಲೆಕ್ಕ ಹಿಡಿದರೆ ಎಂಬತ್ತು ವರ್ಷ ಹತ್ತು ತಿಂಗಳಿಗೆ ಆ ಸಾವಿರ ಮುಗಿಯುತ್ತದೆ. ಸಹಸ್ರಚಂದ್ರದರ್ಶನ ಶಾಂತಿ ಮಾಡಿಸೋಣವೆಂದರೆ, "ಚಂದ್ರನ್ನ ನೋಡಿದ್ದಕ್ಕೆ ಶಾಂತಿ ಯಾಕ್ರೋ, ಅವನೇನು ನನಗೆ ಕೆಟ್ಟದ್ದು ಮಾಡಿದ್ನೇ?" ಎಂದು ಹೋಮ ಬೇಡವೆಂದರು. ಕೊನೆಗೆ ಎಲ್ಲ ಸೇರಿ ಊಟ ಮಾಡುವುದೆಂದಾಯಿತು. ಅದಕ್ಕೆ ಮೂರು ತಿಂಗಳ ಹಿಂದೆ ಅವರು ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ, ಆದರೆ ನಮ್ಮೆಲ್ಲರ ಎದೆ ಹಾರಿತ್ತು. ಫೋನಿನಲ್ಲಿ ಒಂದು ವಾರ ಚರ್ಚೆ ನಡೆದು, ದುಡ್ಡು ಕೂಡಿಸಿ, ನಾವು ಕೊಂಡದ್ದು ಎರಡು ವಸ್ತು. ಒಂದು, ಹಿಂದಕ್ಕೆ ಒರಗಿ ಕಾಲು ಚಾಚಿಕೊಳ್ಳುವ ದೊಡ್ಡ ಕುರ್ಚಿ. ಇನ್ನೊಂದು ವಾಕರ್, ನಾಲ್ಕು ಕಾಲಿನದು, ಅಲ್ಯೂಮಿನಿಯಮ್ಮಿನದು.

ಊಟವಾದ ಮೇಲೆ ಎಲ್ಲರೆದುರಿಗೆ ಅದನ್ನು ತಂದಿಟ್ಟೆವು. ದೊಡ್ಡಮ್ಮ ತಾಂಬೂಲದ ತಟ್ಟೆ ಹಿಡಿದುಕೊಂಡೇ ನೋಡಿದರು.

"ಯಾರಿಗೆ ತಂದಿದೀರ ಇದನ್ನ?"

"ನಿಮಗೇ ದೊಡ್ಡಮ್ಮ."

"ನಾನು ಅಂದ್ರೆ ನಿಮ್ಮ ಕಣ್ಣಿಗೆ ಹೀಗೆ ಕಾಣ್ತೀನಾ?"

ನಗುತ್ತಲೇ ಕೇಳಿದರು. ಆದರೆ ಆಮೇಲೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಕುರ್ಚಿಯ ಮೇಲೆ ಈಗ ಬೆಕ್ಕು ಮಲಗುತ್ತದೆ. ವಾಕರ್ ಹಿತ್ತಿಲಿನಲ್ಲಿದೆ, ಅದರ ಮೇಲೆ ಹಾಗಲ ಬಳ್ಳಿ ಹಬ್ಬಿದೆ. "ತುಕ್ಕು ಹಿಡಿಯಲ್ಲ ಕಣೇ, ಒಳ್ಳೇ ಸಾಮಾನು" ಎಂದು ಹೊಗಳುತ್ತಾರೆ ಬೇರೆ.

ನಾನು ಬಹಳ ದಿನ ಇದನ್ನೇ ಯೋಚಿಸಿದೆ. ನಾವು ಮಾಡಿದ್ದರಲ್ಲಿ ತಪ್ಪೇನು? ಪ್ರೀತಿಯಿಂದಲೇ ಕೊಟ್ಟಿದ್ದೆವಲ್ಲ? ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಮೂರು ಬಗೆಯ ದಾನದ ಮಾತು ಬರುತ್ತದೆ. ದೇಶ, ಕಾಲ, ಪಾತ್ರ ನೋಡಿ, ಪ್ರತಿಫಲ ಬಯಸದೆ ಕೊಡುವುದು ಸಾತ್ವಿಕ. ಫಲದ ಮೇಲೆ ಕಣ್ಣಿಟ್ಟು, ಅಥವಾ ಸಂಕಟಪಟ್ಟುಕೊಂಡು ಕೊಡುವುದು ರಾಜಸ. ಸತ್ಕಾರವಿಲ್ಲದೆ, ಅವಜ್ಞೆಯಿಂದ ಕೊಡುವುದು ತಾಮಸ. ಚಿಕ್ಕವಳಿದ್ದಾಗ ಇದನ್ನು ಬಾಯಿಪಾಠ ಮಾಡುವಾಗ, ಅವಜ್ಞೆಯೆಂದರೆ ಭಿಕ್ಷುಕನಿಗೆ ಕಾಸು ಎಸೆಯುವುದು ಎಂದುಕೊಂಡಿದ್ದೆ. ಪ್ರೀತಿಯ ಒಳಗೂ ಅವಜ್ಞೆ ಅವಿತುಕೊಂಡಿರುತ್ತದೆಂದು ತಿಳಿದದ್ದು ಆ ವಾಕರಿನಿಂದ. ನಾವು ದೊಡ್ಡಮ್ಮನನ್ನು ನೋಡಿರಲಿಲ್ಲ, ಅವರ ವಯಸ್ಸನ್ನು ನೋಡಿದ್ದೆವು. ಇನ್ನೂ ನಿಜ ಹೇಳಬೇಕೆಂದರೆ, ನಮ್ಮ ಭಯವನ್ನು ಕೊಂಡು ತಂದು ಅವರ ನಡುಮನೆಯಲ್ಲಿ ಇಟ್ಟಿದ್ದೆವು. ಅವರು ಅದರಲ್ಲಿ ಕೂತರೆ ಬೆಂಗಳೂರಿನಲ್ಲಿ ನಮಗೆ ನಿದ್ದೆ ಬರುತ್ತಿತ್ತು. ಹಾಗಾದರೆ ಪ್ರತಿಫಲ ಬಯಸಿದ್ದೆವೆಂದೇ ಆಯಿತಲ್ಲ?

ನಮ್ಮಣ್ಣ ಇದನ್ನು ಒಪ್ಪುವುದಿಲ್ಲ. "ನಿನ್ನ ವೇದಾಂತ ಬಿಡು. ಈ ವಯಸ್ಸಲ್ಲಿ ಸೊಂಟದ ಮೂಳೆ ಮುರಿದ್ರೆ ಎಷ್ಟು ಜನ ಮೊದಲಿನ ಹಾಗೆ ಓಡಾಡ್ತಾರೆ ಹೇಳು" ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ನಮ್ಮ ಬೀದಿಯಲ್ಲೇ ಅಂಥ ಇಬ್ಬರನ್ನು ನಾನು ನೋಡಿದ್ದೇನೆ. ಬೇಡವೆಂದವರಿಗೆ ಕ್ಷೇಮವನ್ನು ಕೊಡಬಹುದೇ? ಮಕ್ಕಳಿಗಾದರೆ ಕೊಡುತ್ತೇವೆ, ಅತ್ತರೂ ಬಾಗಿಲಿಗೆ ಅಗುಳಿ ಹಾಕುತ್ತೇವೆ. ಆದರೆ ನಾಲ್ಕು ಮದುವೆ, ಎಂಟು ಬಾಣಂತನ ಮಾಡಿಸಿ, ಕೋರ್ಟಿಗೆ ಅಲೆದು ತೋಟ ಉಳಿಸಿಕೊಂಡ ಹೆಂಗಸಿಗೆ, ಬೀಳುವುದೆಂದರೆ ಏನೆಂದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ಅಪಾಯವನ್ನು ತೂಗಿ ನೋಡಿಯೇ ಅವರು ಹೂವಿಗೆ ಹೋಗುವುದು. ಆ ತಕ್ಕಡಿಯನ್ನು ಅವರ ಕೈಯಿಂದ ಕಿತ್ತುಕೊಳ್ಳುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಮರುವರ್ಷ ದಸರೆ ರಜೆಗೆ ನನ್ನ ಸೊಸೆ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದಳು. ಮಾತು ಕಡಿಮೆಯ ಹುಡುಗಿ. ದೊಡ್ಡಮ್ಮನ ಹಿಂದೆ ಹಿಂದೆ ಸುತ್ತಿದ್ದಾಳೆ. ಹೂ ಬಿಡಿಸುವಾಗ ಅವರು ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುವುದು, ಬೆಳಕೆಲ್ಲ ಹಿಂದಕ್ಕೆ ಬೀಳುವುದು, ಬಚ್ಚಲಿನಲ್ಲಿ ಏಳುವಾಗ ನಲ್ಲಿಯನ್ನೇ ಹಿಡಿದು ಏಳುವುದು, ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಹುಡುಗ ಶಾಲೆಯಿಂದ ಬರುವುದನ್ನೇ ಕಾಯುವುದು, ಇವನ್ನೆಲ್ಲ ನೋಡಿಕೊಂಡು ಬಂದಳು. ಅವಳು ಕೊಂಡದ್ದು ಕೊರಳಿಗೆ ತೂಗುಹಾಕಿಕೊಳ್ಳುವ ಒಂದು ಹಗುರಾದ ಟಾರ್ಚು, ಮತ್ತು ದಾರ ಪೋಣಿಸುವ ಪುಟ್ಟ ತಂತಿ. ಆ ತಂತಿಗೆ ಹತ್ತು ರೂಪಾಯಿಯೂ ಇಲ್ಲ. ಬಚ್ಚಲಿಗೆ ಒಂದು ಸ್ಟೀಲಿನ ಹಿಡಿ ಹಾಕಿಸಲೇ ಎಂದು ಅವರನ್ನೇ ಕೇಳಿದಳು. "ಹಾಕಿಸು, ಆ ನಲ್ಲಿ ಇವತ್ತೋ ನಾಳೆಯೋ ಕಿತ್ತುಕೊಂಡು ಬರುತ್ತೆ" ಎಂದರಂತೆ. ಗಾರೆಯವನು ಬಂದಾಗ ದೊಡ್ಡಮ್ಮ ತಾವೇ ಗೋಡೆಯ ಮೇಲೆ ಕೈಯಿಟ್ಟು ಎತ್ತರ ತೋರಿಸಿದರು. ನಾವು ಹತ್ತು ಜನ ಸೇರಿ ಕೊಡಲಾಗದ ಕ್ಷೇಮವನ್ನು ಆ ಒಂದೂವರೆ ಅಡಿ ಉಕ್ಕು ಕೊಟ್ಟಿತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಮುಚ್ಚಿಡುವುದೇಕೆ.

ಸರ್ಕಾರವೂ ಅವರಿಗೊಂದು ಉಡುಗೊರೆ ಕೊಟ್ಟಿತು ಎನ್ನಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ದೊಡ್ಡಮ್ಮ ಗುರುತಿನ ಚೀಟಿ ಸೆರಗಿಗೆ ಕಟ್ಟಿಕೊಂಡು ಅರಸೀಕೆರೆಗೆ, ತುಮಕೂರಿಗೆ, ಒಮ್ಮೆ ಧರ್ಮಸ್ಥಳಕ್ಕೂ ಸರ್ಕಾರಿ ಬಸ್ಸಿನಲ್ಲಿ ಹೋಗಿಬಂದರು. ಅದನ್ನು ಉಡುಗೊರೆ ಎಂದರೆ ಅವರಿಗೆ ಸಿಟ್ಟು. "ನಾನು ಕಂದಾಯ ಕಟ್ಟಿಲ್ವಾ?" ಎನ್ನುತ್ತಾರೆ. ಅವರಿಗೆ ಹಿಡಿಸಿದ್ದು, ಯಾಕೆ ಹೋಗ್ತೀರಿ, ಜೊತೆಗೆ ಯಾರಿದ್ದಾರೆ ಎಂದು ಕಂಡಕ್ಟರು ಕೇಳದೆ ಟಿಕೆಟ್ ಹರಿದು ಕೊಡುವುದು. ನಾವು ಕಾರು ಕಳಿಸಿದರೆ ಈ ಎರಡನ್ನೂ ಕೇಳುತ್ತೇವೆ.

ಕೊಟ್ಟದ್ದು ವಾಪಸು ಬರುವ ಬಗೆಯೂ ವಿಚಿತ್ರ. ಮದುವೆಮನೆಯಲ್ಲಿ ಕೊಟ್ಟು ತೆಗೆದುಕೊಳ್ಳುವುದಕ್ಕೂ ಮುಯ್ಯಿ ಎನ್ನುತ್ತೇವೆ, ಸೇಡಿಗೂ ಮುಯ್ಯಿ ಎನ್ನುತ್ತೇವೆ. ಹೋದ ಯುಗಾದಿಗೆ ದೊಡ್ಡಮ್ಮ ನನಗೊಂದು ಶಾಲು ಕೊಟ್ಟರು. ಬಿಚ್ಚಿ ನೋಡಿದರೆ ನಾನೇ ಕೊಟ್ಟಿದ್ದು. ಮರೆತು ಕೊಟ್ಟರೋ, ನೆನಪಿಟ್ಟುಕೊಂಡೇ ಕೊಟ್ಟರೋ, ಅವರ ಮುಖ ನೋಡಿದರೆ ತಿಳಿಯಲಿಲ್ಲ. "ನಿನಗೆ ಚಳಿ ಜಾಸ್ತಿ, ಹೊದ್ದುಕೋ" ಎಂದರು. ಹೊದ್ದುಕೊಂಡಿದ್ದೇನೆ, ಬೆಚ್ಚಗಿದೆ.

ಈ ಮಳೆಗಾಲದಲ್ಲಿ ಅವರು ಮತ್ತೆ ಬಿದ್ದರು. ಬಚ್ಚಲಿನಲ್ಲಲ್ಲ, ತೋಟದಲ್ಲಿ, ಒದ್ದೆ ಗರಿಯ ಮೇಲೆ ಕಾಲಿಟ್ಟು. ಬಲಗೈ ಮಣಿಕಟ್ಟು ಬಿರುಕು ಬಿಟ್ಟು ಪಟ್ಟಿ ಹಾಕಿದರು. ಅಣ್ಣ ಫೋನು ಮಾಡಿ, "ಈಗ ಹೇಳು ನಿನ್ನ ಗೀತೆ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ, ನಾವು ಹಟ ಹಿಡಿಯಬೇಕಿತ್ತೇನೋ, ಗೌರವದ ಹೆಸರಿನಲ್ಲಿ ನನ್ನ ಸೋಮಾರಿತನವನ್ನೇ ಮುಚ್ಚಿಕೊಂಡೆನೇನೋ ಎಂದು ಹೊರಳಾಡಿದೆ. ಆ ಅನುಮಾನ ಈಗಲೂ ಪೂರ್ತಿ ಹೋಗಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವರದೇ ಫೋನು. ನೋವಿನ ಮಾತು ಎರಡೇ ವಾಕ್ಯದಲ್ಲಿ ಮುಗಿಯಿತು.

"ನೀನು ಏನು ತರಲಿ, ಏನು ತರಲಿ ಅಂತ ಯಾವಾಗಲೂ ಕೇಳ್ತಿರ್ತೀಯಲ್ಲ, ಈಗ ಹೇಳ್ತೀನಿ ಕೇಳು. ಹೆಗಲಿಗೆ ಅಡ್ಡ ಹಾಕ್ಕೊಳ್ಳೋ ಅಂಥ ಒಂದು ಬಟ್ಟೆ ಚೀಲ ಹೊಲಿದು ಕೊಡು. ಹೂ ಬಿಡಿಸೋದು ಎಡಗೈಲಿ ಆಗುತ್ತೆ, ಬುಟ್ಟಿ ಹಿಡ್ಕೊಳ್ಳೋಕೆ ಕೈಯಿಲ್ಲ. ಬಾಯಿ ಅಗಲವಾಗಿರಲಿ. ಜಿಪ್ಪು ಬೇಡ, ಒಂದೇ ಕೈಲಿ ಎಳೆಯೋಕಾಗಲ್ಲ."

"ಪಟ್ಟಿ ಎಷ್ಟು ಉದ್ದ ಇರಲಿ ದೊಡ್ಡಮ್ಮ?"

"ಹುಡುಗನ ಕೈಲಿ ದಾರ ಹಿಡಿಸಿ ಅಳೆದು ಗಂಟು ಹಾಕಿಸಿಟ್ಟಿದೀನಿ. ಅಂದಾಜಿನ ಮೇಲೆ ಹೊಲಿಬೇಡ. ಬಂದು ತಗೊಂಡು ಹೋಗು."