ಎಲೆಯನ್ನು ತೆಗೆಯುವ ಹೊತ್ತು

ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಮರಳಿದ ಮೇಲೆ ಒಲೆಯ ಮೇಲೆ ಚಹಾದ ಪಾತ್ರೆ ಇಡುವುದು ನಮ್ಮಲ್ಲಿ ಅನೇಕ ಮನೆಗಳ ವಾಡಿಕೆ. ನೀರು ಕುದಿಯಿತು, ಪುಡಿ ಬಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದರು. ಮಾತು ಮುಗಿಸಿ ಒಳಗೆ ಬರುವ ಹೊತ್ತಿಗೆ ಚಹಾ ಕಪ್ಪಿಟ್ಟಿರುತ್ತದೆ, ನಾಲಿಗೆಗೆ ತಾಕಿದರೆ ಬರೀ ಒಗರು. ಇನ್ನೆರಡು ಚಮಚ ಸಕ್ಕರೆ ಬೆರೆಸುತ್ತೀರಿ. ಸಿಹಿಯಾಗುತ್ತದೆಯೇ ಹೊರತು ಒಗರು ಹೋಗುವುದಿಲ್ಲ. ಈ ಅನುಭವ ಯಾರಿಗಿಲ್ಲ? ಆದರೆ ಇದರೊಳಗೆ ಒಂದು ದೊಡ್ಡ ಪ್ರಶ್ನೆ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ತಾಳ್ಮೆ ಸದ್ಗುಣವೆಂದು ನಾವು ಬಾಲ್ಯದಿಂದಲೂ ಕಲಿತಿದ್ದೇವೆ. ಆದರೆ ಎಷ್ಟು ಹೊತ್ತಿನ ತಾಳ್ಮೆ ಸದ್ಗುಣ? ಕಾಯುವುದೇ ತಪ್ಪಾಗುವ ಘಳಿಗೆಯೂ ಇದೆಯೇ?

ಮೊದಲು ಚಹಾದ ಸಂಗತಿಯನ್ನೇ ನೋಡೋಣ. ಕಪ್ಪು ಚಹಾ, ಹಸಿರು ಚಹಾ, ಬಿಳಿ ಚಹಾ ಇವೆಲ್ಲವೂ ಒಂದೇ ಜಾತಿಯ ಗಿಡದ ಎಲೆಗಳು. ಕೊಯ್ದ ಮೇಲೆ ಅವುಗಳನ್ನು ಸಂಸ್ಕರಿಸುವ ರೀತಿಯಲ್ಲಿ ಮಾತ್ರ ವ್ಯತ್ಯಾಸ. ಎಲೆ ಬಿಸಿನೀರಿಗೆ ಬಿದ್ದೊಡನೆ ತನ್ನಲ್ಲಿರುವುದನ್ನೆಲ್ಲ ಒಮ್ಮೆಗೇ ಬಿಟ್ಟುಕೊಡುವುದಿಲ್ಲ. ಪರಿಮಳವೂ ಮೆದುವಾದ ಸವಿಯೂ ಬೇಗನೆ ಇಳಿಯುತ್ತವೆ. ಕೆಫೀನು ಕೂಡ ಬಹುಪಾಲು ಮೊದಲ ಕೆಲವು ನಿಮಿಷಗಳಲ್ಲೇ ಹೊರಬರುತ್ತದೆ. ಒಗರಿಗೆ ಕಾರಣವಾದ ಟ್ಯಾನಿನ್ ಅಂಶಗಳು ನಿಧಾನವಾಗಿ, ಆದರೆ ಬಿಡದೆ ಇಳಿಯುತ್ತಲೇ ಇರುತ್ತವೆ. ಆದ್ದರಿಂದ ಕಪ್ಪು ಚಹಾದ ಎಲೆಗೆ ಕುದಿಯುವ ನೀರಿನಲ್ಲಿ 3ರಿಂದ 5 ನಿಮಿಷ ಸಾಕು. ಹಸಿರು ಚಹಾ ಇನ್ನೂ ನಾಜೂಕು; ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ 2-3 ನಿಮಿಷ ಮೀರಿದರೆ ಕಹಿಯಾಗುತ್ತದೆ. ಚೀನಾದಲ್ಲಿ ಒಂದು ಪದ್ಧತಿಯಿದೆ. ಪುಟ್ಟ ಕೂಜದಲ್ಲಿ ಎಲೆಯನ್ನು ಧಾರಾಳವಾಗಿ ಹಾಕಿ, ಕೆಲವೇ ಸೆಕೆಂಡುಗಳಲ್ಲಿ ಬಸಿದುಕೊಂಡು, ಅದೇ ಎಲೆಗೆ ಮತ್ತೆ ಮತ್ತೆ ನೀರು ಹೊಯ್ಯುತ್ತಾರೆ. ಒಂದೊಂದು ಸಲಕ್ಕೂ ಒಂದೊಂದು ರುಚಿ. ನಮ್ಮ ಶುಂಠಿ, ತುಳಸಿಯ ಕಷಾಯಗಳ ಬಗೆಯೇ ಬೇರೆ. ಅವು ಹತ್ತು ನಿಮಿಷವಾದರೂ ನೀರಿನಲ್ಲಿರಬೇಕು. ಅವಸರಪಟ್ಟರೆ ಅವುಗಳ ಗುಣ ನೀರಿಗೆ ಇಳಿಯುವುದೇ ಇಲ್ಲ.

ಎಲ್ಲ ಎಲೆಗೂ ಒಂದೇ ಕಾಲಮಾನವಿಲ್ಲವೆಂಬುದು ಇದರಿಂದ ಸ್ಪಷ್ಟ. ಪ್ರತಿಯೊಂದಕ್ಕೂ ತಕ್ಕ ಸಮಯವಿದೆ ಎಂದು ಉಪದೇಶಕನ ಗ್ರಂಥ ನಮಗೆ ಎಂದೋ ಹೇಳಿದೆ. ಆದರೆ ಯಾವುದಕ್ಕೆ ಎಷ್ಟು ಸಮಯವೆಂದು ಅರಿಯುವ ಹೊಣೆ ನಮ್ಮದೇ.

ಪ್ರಭು ಯೇಸುವಿನ ಬೋಧನೆಯಲ್ಲಿ ಈ ಎರಡು ಬಗೆಯ ಕಾಲವೂ ಇರುವುದನ್ನು ನೀವು ಗಮನಿಸಿದ್ದೀರಾ? ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರವನ್ನು ಕಡಿದುಹಾಕೆಂದು ಯಜಮಾನ ಹೇಳಿದಾಗ, ಇನ್ನೊಂದು ವರ್ಷ ಅವಕಾಶ ಕೊಡಿ ಎಂದು ತೋಟಗಾರ ಬೇಡಿಕೊಳ್ಳುತ್ತಾನೆ. ಅವನು ಸುಮ್ಮನೆ ಕೈಕಟ್ಟಿ ಕಾಯುವವನಲ್ಲ. ಬುಡವನ್ನು ಅಗೆದು ಗೊಬ್ಬರ ಹಾಕುವ ಮಾತು ಕೊಡುತ್ತಾನೆ. ಇದು ತಾಳ್ಮೆ. ಆದರೆ ಬಲಿಪೀಠಕ್ಕೆ ಕಾಣಿಕೆ ತಂದವನಿಗೆ ಸೋದರನ ಮನಸ್ತಾಪದ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಬೇಕೆಂದು ಅದೇ ಪ್ರಭು ಹೇಳುತ್ತಾರೆ. ಇಲ್ಲಿ ಪೂಜೆ ಮುಗಿಯುವವರೆಗೂ ಕಾಯುವಂತಿಲ್ಲ. ಪರರು ಫಲ ಕೊಡಲೆಂದು ಕಾಯುವುದು ದೀರ್ಘವಾಗಿರಲಿ. ನಾವು ಸಮಾಧಾನಕ್ಕೆ ಹೊರಡುವುದು ಶೀಘ್ರವಾಗಿರಲಿ. ಆದರೆ ನಾವು ಮಾಡುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಮಕ್ಕಳ ಪರೀಕ್ಷೆಯ ಅಂಕಗಳಿಗೆ, ಸೊಸೆಯ ಕೆಲಸಕ್ಕೆ ನಮ್ಮಲ್ಲಿ ಅವಸರ. ಮುನಿಸಿಗೆ ಮಾತ್ರ ವರ್ಷಗಟ್ಟಲೆ ತಾಳ್ಮೆ.

ಇದನ್ನು ಪರರಿಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ತಾಯಿಯ ಆರೈಕೆಯ ಖರ್ಚಿನ ವಿಷಯದಲ್ಲಿ ನನಗೂ ನನ್ನ ಅಣ್ಣನಿಗೂ ಒಮ್ಮೆ ಮಾತು ಬೆಳೆಯಿತು. ತಪ್ಪು ಹೆಚ್ಚಾಗಿ ನನ್ನದೇ ಎಂದು ಆ ರಾತ್ರಿಯೇ ನನಗೆ ತಿಳಿದಿತ್ತು. ಆದರೂ ಕಾಲವೇ ಎಲ್ಲವನ್ನೂ ಸರಿಮಾಡುತ್ತದೆ ಎಂದು ಸುಮ್ಮನಾದೆ. ಅದನ್ನು ತಾಳ್ಮೆಯೆಂದೇ ಕರೆದುಕೊಂಡೆ. ನಾಲ್ಕು ವರ್ಷ ಕಳೆಯಿತು. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವಾಗ ಗುರುತಿಲ್ಲದವರಿಗೂ ಕೈಮುಗಿದ ನಾನು, ಎರಡು ಬೆಂಚುಗಳಾಚೆ ನಿಂತಿದ್ದ ಅಣ್ಣನತ್ತ ತಿರುಗಲಿಲ್ಲ. ಕೊನೆಗೊಂದು ತಪಸ್ಸುಕಾಲದಲ್ಲಿ ಅವನ ಮನೆಗೆ ಹೋದೆ. ಅತ್ತಿಗೆ ಏನೂ ಕೇಳದೆ ಚಹಾ ತಂದಿಟ್ಟರು. ಅಣ್ಣ ನನ್ನನ್ನು ಕ್ಷಮಿಸಿದ; ಅದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ಆ ನಾಲ್ಕು ವರ್ಷಗಳಲ್ಲಿ ನಮ್ಮ ಎರಡೂ ಮನೆಯ ಮಕ್ಕಳು ಪರಸ್ಪರ ಅಪರಿಚಿತರಾಗಿ ಬೆಳೆದಿದ್ದರು. ಆ ಒಗರನ್ನು ತೆಗೆಯುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ. ಸೂರ್ಯ ಮುಳುಗುವ ಮುನ್ನ ಕೋಪವನ್ನು ಮುಗಿಸಿರೆಂದು ಸಂತ ಪೌಲರು ಎಫೆಸದವರಿಗೆ ಏಕೆ ಬರೆದರೆಂಬುದು ನನಗೆ ಅರ್ಥವಾದದ್ದು ಆಗ. ಕಾಲ ತಾನಾಗಿ ಏನನ್ನೂ ಗುಣಪಡಿಸುವುದಿಲ್ಲ. ಪಾತ್ರೆಯಲ್ಲಿ ಏನನ್ನು ಬಿಟ್ಟಿದ್ದೇವೋ ಅದನ್ನು ಮತ್ತಷ್ಟು ಗಾಢಗೊಳಿಸುತ್ತದೆ, ಅಷ್ಟೇ.

ಹಾಗಾದರೆ ಎಲ್ಲ ನೋವನ್ನೂ ತಕ್ಷಣ ಮರೆತುಬಿಡಬೇಕೇ? ಅಲ್ಲ. ಇಲ್ಲಿ ನಾವು ಎಚ್ಚರದಿಂದಿರಬೇಕು. ಚಹಾದ ಬಣ್ಣ ಅರ್ಧ ನಿಮಿಷದಲ್ಲೇ ಕಾಣಿಸಿಕೊಳ್ಳುತ್ತದೆ. ಬಣ್ಣ ಬಂದ ಮಾತ್ರಕ್ಕೆ ರುಚಿ ಬಂದಂತಲ್ಲ. ಗಂಡನ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ, ಹಣಕಾಸಿನಲ್ಲಿ ಮೋಸಹೋದವನಿಗೆ, ‘ಕ್ರೈಸ್ತರಲ್ಲವೇ, ಕ್ಷಮಿಸಿಬಿಡಿ’ ಎಂದು ಮೊದಲ ದಿನವೇ ಹೇಳುವವರು ಬಣ್ಣದ ನೀರನ್ನು ಚಹಾವೆಂದು ಬಡಿಸುತ್ತಾರೆ. ಅನ್ಯಾಯವನ್ನು ಅನ್ಯಾಯವೆಂದು ಹೇಳಲು, ತಪ್ಪಿತಸ್ಥ ಅದನ್ನು ಒಪ್ಪಿ ಸರಿಪಡಿಸಲು ಸಮಯ ಬೇಕು. ಇನ್ನು ಸಾವಿನ ದುಃಖ ಕಷಾಯದಂತೆ. ಮನೆಯವರನ್ನು ಕಳೆದುಕೊಂಡವರಿಗೆ ತಿಂಗಳ ಪೂಜೆ ಮುಗಿದೊಡನೆ ‘ಇನ್ನೂ ಅಳುತ್ತೀರಾ?’ ಎನ್ನುವುದು ಕ್ರೌರ್ಯ. ಲಾಜರನನ್ನು ಎಬ್ಬಿಸಲಿದ್ದ ಪ್ರಭುವೇ ಮೊದಲು ಅವನ ಸಮಾಧಿಯ ಬಳಿ ಕಣ್ಣೀರಿಟ್ಟರಲ್ಲವೇ?

ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದೆಂಬ ವಿವೇಕಕ್ಕೆ ಜಪಾನಿನ ಪುನೀತ ಜುಸ್ಟೋ ತಕಯಾಮ ಉಕೋನ್ ಅವರ ಬದುಕು ಒಳ್ಳೆಯ ನಿದರ್ಶನ. ಅವರು ಸಾಮಂತ ದೊರೆ. ಚಹಾ ಕಲೆಯ ಮಹಾಗುರು ಸೆನ್ ನೊ ರಿಕ್ಯೂ ಅವರ ಪ್ರಮುಖ ಶಿಷ್ಯರಲ್ಲಿ ಒಬ್ಬರು. ಆ ಕಲೆಯಲ್ಲಿ ಎಲೆಯನ್ನು ನೆನೆಯಿಡುವುದಿಲ್ಲ. ಹಸಿರು ಚಹಾದ ನುಣ್ಣನೆಯ ಪುಡಿಯನ್ನು ಬಿಸಿನೀರಿನಲ್ಲಿ ಕಡೆಯುತ್ತಾರೆ. ಆದರೂ ಪ್ರತಿಯೊಂದು ಚಲನೆಗೂ ಅಲ್ಲಿ ತಕ್ಕ ಹೊತ್ತಿದೆ. 1587ರಲ್ಲಿ ವಿಶ್ವಾಸವನ್ನು ತೊರೆಯಬೇಕೆಂದು ಹಿದೆಯೋಶಿ ಆಜ್ಞಾಪಿಸಿದಾಗ ಉಕೋನ್ ಸಂಸ್ಥಾನವನ್ನೇ ಬಿಟ್ಟುಕೊಟ್ಟರು. ಆ ಉತ್ತರಕ್ಕೆ ಅವರು ತಡಮಾಡಲಿಲ್ಲ. ಅನಂತರ ಇನ್ನೊಬ್ಬ ದೊರೆಯ ಆಶ್ರಯದಲ್ಲಿ ಕಾಲು ಶತಮಾನಕ್ಕೂ ಮೀರಿ ತಾಳ್ಮೆಯಿಂದ ಬಾಳಿದರು. 1614ರಲ್ಲಿ ಗಡೀಪಾರಾಗಿ, 1615ರಲ್ಲಿ ಮನಿಲಾದಲ್ಲಿ ಕಣ್ಮುಚ್ಚಿದರು. 2017ರ ಫೆಬ್ರವರಿಯಲ್ಲಿ ಓಸಾಕದಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. ವಿಶ್ವಾಸದ ನಿರ್ಧಾರಕ್ಕೆ ಒಂದು ಕ್ಷಣ. ಅದರ ಫಲವನ್ನು ಅನುಭವಿಸಲು ಒಂದು ಆಯುಷ್ಯ.

ಪ್ರಿಯ ಓದುಗರೇ, ಇನ್ನೊಂದು ಸಂಗತಿ. ಚಹಾ ಹದಕ್ಕೆ ಬಂದಾಗ ನಾವು ಚಹಾವನ್ನು ಚೆಲ್ಲುವುದಿಲ್ಲ. ಸೋಸಿ ಎಲೆಯನ್ನಷ್ಟೇ ತೆಗೆಯುತ್ತೇವೆ. ಕ್ಷಮೆಯೂ ಹಾಗೆಯೇ. ನಡೆದದ್ದು ನಡೆಯಲೇ ಇಲ್ಲವೆಂದು ಅದು ನಟಿಸುವುದಿಲ್ಲ. ಆ ನೋವಿನಿಂದ ಕಲಿತ ಎಚ್ಚರವೂ ವಿವೇಕವೂ ನಮ್ಮಲ್ಲೇ ಉಳಿಯುತ್ತವೆ. ನಾವು ತೆಗೆಯುವುದು ನಮ್ಮೊಳಗೆ ಇನ್ನೂ ಒಗರು ಬಿಡುತ್ತಿರುವ ಆ ಎಲೆಯನ್ನು ಮಾತ್ರ. ಪಾಪನಿವೇದನೆಯಲ್ಲಿ ನಡೆಯುವುದೂ ಇದೇ ಅಲ್ಲವೇ?

ಇಂದು ಸಂಜೆ ಚಹಾ ಸೋಸುವಾಗ ಒಂದು ನಿಮಿಷ ನಿಂತು ನಿಮ್ಮನ್ನೇ ಕೇಳಿಕೊಳ್ಳಿ: ನನ್ನ ಮನೆಯಲ್ಲಿ ಯಾವ ಮಾತು ಬಹಳ ಹೊತ್ತಿನಿಂದ ಪಾತ್ರೆಯಲ್ಲೇ ಉಳಿದಿದೆ? ಯಾರಿಗೆ ಇನ್ನಷ್ಟು ಸಮಯ ಕೊಡಬೇಕಿತ್ತು, ನಾನು ಕೊಡಲಿಲ್ಲ? ಈ ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಪವಿತ್ರಾತ್ಮರು ನಮಗೆಲ್ಲರಿಗೂ ದಯಪಾಲಿಸಲಿ. ಸಮಾಧಾನಕ್ಕೆ ಹೋಗಬೇಕಾದ ಮನೆಯೊಂದು ನೆನಪಾದರೆ, ಮುಂದಿನ ಭಾನುವಾರದವರೆಗೆ ಕಾಯಬೇಡಿ.